ಕಣ್ಣಿನ ರೋಗಗಳೂ ಉತ್ಕರ್ಷಣ ನಿರೋಧಕಗಳೂ

ಬಾಳೆದಿಂಡನ್ನು ಹೆಚ್ಚಿ ಹಾಗೆಯೇ ತಟ್ಟೆಯಲ್ಲಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದು ಕಪ್ಪಾಗುತ್ತದೆ. ನಮ್ಮ ಮನೆಗಳಲ್ಲಿ ಹೋಳುಗಳನ್ನು ಕೂಡಲೇ ನೀರುಮಜ್ಜಿಗೆಯಲ್ಲಿ ಹಾಕುವುದು ಇದಕ್ಕಾಗಿಯೇ. ಹೋಳು ಕಪ್ಪಾಗುವುದೇಕೆ? ಕತ್ತಿ ತಗುಲಿ ಒಡೆದ ಜೀವಕೋಶಗಳ ರಸವು ಗಾಳಿಯಲ್ಲಿರುವ ಆಮ್ಲಜನಕದೊಡನೆ ಸೇರುತ್ತದೆ. ದಿಂಡಿನಲ್ಲಿಯೇ ಇರುವ ಒಂದು ಕಿಣ್ವವು ಈ ಸಂಯೋಗವನ್ನು ತ್ವರೆಗೊಳಿಸುತ್ತದೆ. ಕೊನೆಗೆ ಹುಟ್ಟುವ ವಸ್ತುವಿನ ಬಣ್ಣ ಕಪ್ಪು. ಮಜ್ಜಿಗೆಯ ನೀರು ಗಾಳಿಯನ್ನು ದೂರವಿಡುತ್ತದೆ, ಅದರ ಹುಳಿಯು ಕಿಣ್ವದ ಕೈಯನ್ನು ಕಟ್ಟುತ್ತದೆ. ನಿಂಬೆಯ ರಸವನ್ನು ಹಿಂಡಿದರೆ ಇನ್ನೊಂದು ಲಾಭವೂ ಉಂಟು. ಅದರಲ್ಲಿರುವ ಸಿ ಜೀವಸತ್ವವು ಆಮ್ಲಜನಕದ ಪೆಟ್ಟನ್ನು ತಾನು ತಿಂದು ಹೋಳನ್ನು ಉಳಿಸುತ್ತದೆ.

ಒಂದು ವಸ್ತುವಿನಿಂದ ಎಲೆಕ್ಟ್ರಾನುಗಳು ಕಳೆದುಹೋಗುವುದನ್ನು ರಸಾಯನ ಶಾಸ್ತ್ರದಲ್ಲಿ ಉತ್ಕರ್ಷಣ ಎನ್ನುತ್ತೇವೆ. ಕಬ್ಬಿಣ ತುಕ್ಕು ಹಿಡಿಯುವುದು, ಹಳೆಯ ಎಣ್ಣೆ ಕಮಟು ವಾಸನೆ ಬರುವುದು, ಸೌದೆ ಉರಿಯುವುದು ಎಲ್ಲವೂ ಉತ್ಕರ್ಷಣಗಳೇ. ತಾನು ಎಲೆಕ್ಟ್ರಾನನ್ನು ಕೊಟ್ಟು ಬೇರೊಂದು ವಸ್ತುವನ್ನು ಈ ನಷ್ಟದಿಂದ ಕಾಪಾಡುವ ಪದಾರ್ಥಕ್ಕೆ ಉತ್ಕರ್ಷಣ ನಿರೋಧಕವೆಂದು ಹೆಸರು.

ಈ ಹೆಸರನ್ನು ಈಗ ಕೇಳದವರಿಲ್ಲ. ಔಷಧದಂಗಡಿಗಳಲ್ಲಿ ಕಣ್ಣಿಗೆಂದು ಮಾರುವ ಮಾತ್ರೆಗಳ ಡಬ್ಬಿಗಳ ಮೇಲೆ ಅದನ್ನು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ನಮ್ಮ ನೆರೆಯಲ್ಲಿರುವ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಗ್ಲಾಕೋಮಾ ಎಂಬ ಕಣ್ಣಿನ ರೋಗವಿದೆ. ಎರಡು ವರ್ಷಗಳ ಹಿಂದೆ ಅವರು ಅಂಥದೊಂದು ಡಬ್ಬಿಯನ್ನು ನಮಗೆ ತೋರಿಸಿ, "ಹನಿ ಹಾಕಿಕೊಂಡರೆ ಕಣ್ಣು ಉರಿಯುತ್ತದೆ, ಕೆಂಪಾಗುತ್ತದೆ. ಇದಾದರೆ ಬರಿಯ ಜೀವಸತ್ವ. ಹನಿಯನ್ನು ನಿಲ್ಲಿಸಿ ಇದನ್ನೇ ನುಂಗುತ್ತಿದ್ದೇನೆ. ತಪ್ಪೇನು?" ಎಂದು ಕೇಳಿದರು. ನಮಗೆ ಆಗ ವಿಷಯ ಸರಿಯಾಗಿ ತಿಳಿದಿರಲಿಲ್ಲ. "ಜೀವಸತ್ವ ತಾನೆ ಮೇಷ್ಟ್ರೇ, ಏನೂ ಆಗಲಾರದು" ಎಂದುಬಿಟ್ಟೆವು. ಆ ಉತ್ತರವನ್ನು ತಿದ್ದುವುದಕ್ಕಾಗಿ ಓದಿದುದರ ಫಲವೇ ಈ ಲೇಖನ.

ಆಮ್ಲಜನಕವಿಲ್ಲದೆ ನಾವು ಕೆಲವು ನಿಮಿಷಗಳೂ ಬದುಕಲಾರೆವು. ಅದೇ ಆಮ್ಲಜನಕ ವಿಷವೂ ಆಗಬಲ್ಲುದೆಂಬುದು ವಿಚಿತ್ರವಾಗಿ ತೋರಬಹುದು. ಜೀವಕೋಶದೊಳಗೆ ಮೈಟೋಕಾಂಡ್ರಿಯಾ ಎಂಬ ಸೂಕ್ಷ್ಮ ಒಲೆಗಳುಂಟು. ಆಹಾರದಿಂದ ಬಂದ ಎಲೆಕ್ಟ್ರಾನುಗಳು ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಆಮ್ಲಜನಕದ ಒಂದು ಅಣು ನಾಲ್ಕು ಎಲೆಕ್ಟ್ರಾನುಗಳನ್ನು ಪಡೆದರೆ ನಿರುಪದ್ರವಿಯಾದ ನೀರಾಗುತ್ತದೆ. ಆದರೆ ನಡುದಾರಿಯಲ್ಲಿ ಒಂದೇ ಒಂದು ಎಲೆಕ್ಟ್ರಾನು ಸೋರಿ ಅದಕ್ಕೆ ಅಂಟಿಕೊಂಡರೆ ಹುಟ್ಟುವುದು ಸೂಪರಾಕ್ಸೈಡ್. ಅದರಲ್ಲಿ ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನೊಂದಿದೆ. ಇಂತಹ ಅಣುಗಳನ್ನು ಮುಕ್ತ ರಾಡಿಕಲ್‌ಗಳೆನ್ನುವರು. ಅವು ತಮ್ಮ ಕೊರತೆಯನ್ನು ತುಂಬಿಕೊಳ್ಳಲು ನೆರೆಯ ಅಣುವಿನಿಂದ ಎಲೆಕ್ಟ್ರಾನನ್ನು ಕಸಿಯುತ್ತವೆ; ಕಳೆದುಕೊಂಡ ಅಣು ಮತ್ತೊಂದರ ಮೇಲೆ ಬೀಳುತ್ತದೆ. ಹೀಗೆ ಸರಪಳಿ ಬೆಳೆಯುತ್ತದೆ.

೧೯೫೪ರಲ್ಲಿ ಅರ್ಜೆಂಟೈನಾದ ವಿಜ್ಞಾನಿ ರೆಬೆಕಾ ಗೆರ್ಷ್‌ಮನ್ ಅವರೂ ಅವರ ಸಹೋದ್ಯೋಗಿಗಳೂ, ಕ್ಷಕಿರಣಗಳು ಜೀವಕೋಶಕ್ಕೆ ಮಾಡುವ ಹಾನಿಯೂ ಮಿತಿಮೀರಿದ ಆಮ್ಲಜನಕ ಮಾಡುವ ಹಾನಿಯೂ ಒಂದೇ ಬಗೆಯವು, ಎರಡರಲ್ಲಿಯೂ ಅಪರಾಧಿಗಳು ಮುಕ್ತ ರಾಡಿಕಲ್‌ಗಳೇ ಎಂದು ಸೂಚಿಸಿದರು. ಮೊದಲು ಅದನ್ನು ನಂಬಿದವರು ಕಡಿಮೆ. ೧೯೬೯ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಎಂಬ ಅಮೆರಿಕದ ವಿಜ್ಞಾನಿಗಳು ಸೂಪರಾಕ್ಸೈಡನ್ನು ನಾಶಪಡಿಸುವುದಕ್ಕೆಂದೇ ಇರುವ ಕಿಣ್ವವೊಂದನ್ನು ಜೀವಕೋಶದಲ್ಲಿ ಗುರುತಿಸಿದರು. ಕಳ್ಳರಿಲ್ಲದ ಊರಿನಲ್ಲಿ ಕಾವಲುಗಾರರನ್ನು ಯಾರೂ ನೇಮಿಸುವುದಿಲ್ಲವಷ್ಟೆ. ಆ ಮೇಲೆ ವಿದ್ವಾಂಸರ ಸಂಶಯ ಕರಗಿತು.

ಇನ್ನು ಕಣ್ಣಿಗೆ ಬರೋಣ. ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಂತಿರುವ ತೆಳುಪೊರೆ ಅಕ್ಷಿಪಟಲ. ತೂಕಕ್ಕೆ ತೂಕ ಹೋಲಿಸಿದರೆ ಮಿದುಳಿಗಿಂತಲೂ ಹೆಚ್ಚು ಆಮ್ಲಜನಕವನ್ನು ಬಳಸುವ ಅಂಗ ಇದು. ಅದರ ಮೇಲೆ ಎಚ್ಚರವಿರುವಷ್ಟು ಹೊತ್ತೂ ಬೆಳಕು ಬೀಳುತ್ತಿರುತ್ತದೆ. ಬೆಳಕು ಉತ್ಕರ್ಷಣಕ್ಕೆ ಪ್ರೇರಕ. ಸಾಲದೆಂಬಂತೆ, ಅಲ್ಲಿನ ದಂಡಕೋಶ ಮತ್ತು ಶಂಕುಕೋಶಗಳ ತುದಿಗಳು ಬಹಳ ಬೇಗ ಕೆಡುವ ಜಾತಿಯ ಕೊಬ್ಬಿನಿಂದಾಗಿವೆ. ತುಪ್ಪಕ್ಕಿಂತ ಕುಸುಬೆ ಎಣ್ಣೆ ಬೇಗ ಕಮಟುತ್ತದೆಯೆಂಬುದನ್ನು ವಾಚಕರು ಬಲ್ಲರು. ಕೊಬ್ಬಿನ ಆಮ್ಲದಲ್ಲಿ ದ್ವಿಬಂಧಗಳು ಹೆಚ್ಚಿದಷ್ಟೂ ಅದು ಸುಲಭವಾಗಿ ಉತ್ಕರ್ಷಣಕ್ಕೆ ಈಡಾಗುತ್ತದೆ. ಕುಸುಬೆ ಎಣ್ಣೆಯ ಮುಖ್ಯ ಆಮ್ಲವಾದ ಲಿನೋಲೆಯಿಕ್ ಆಮ್ಲದಲ್ಲಿ ಅಂತಹ ಬಂಧಗಳು ೨. ಅಕ್ಷಿಪಟಲದಲ್ಲಿ ಹೇರಳವಾಗಿರುವ ಡೋಕೋಸಹೆಕ್ಸಾನೋಯಿಕ್ ಆಮ್ಲದಲ್ಲಿ ೬! ಆಮ್ಲಜನಕ, ಬೆಳಕು, ಬೇಗ ಕೆಡುವ ಕೊಬ್ಬು ಈ ಮೂರೂ ಒಂದೇ ಕಡೆ ಸೇರಿರುವ ಸ್ಥಳ ದೇಹದಲ್ಲಿ ಬೇರೆಲ್ಲಿದೆ?

ಹಾಗಿದ್ದೂ ನಮ್ಮ ಕಣ್ಣು ಎಪ್ಪತ್ತು ಎಂಬತ್ತು ವರ್ಷ ನಡೆಯುತ್ತದೆಂಬುದೇ ಆಶ್ಚರ್ಯ. ಅದಕ್ಕೆ ಕಾರಣಗಳುಂಟು. ೧೯೬೭ರಲ್ಲಿ ರಿಚರ್ಡ್ ಯಂಗ್ ಎಂಬ ವಿಜ್ಞಾನಿ ವಿಕಿರಣಶೀಲ ಅಮೈನೋ ಆಮ್ಲಗಳನ್ನು ಪ್ರಾಣಿಗಳಿಗೆ ಕೊಟ್ಟು, ದಂಡಕೋಶದ ತುದಿಯು ಬುಡದಿಂದ ಹೊಸದಾಗಿ ಬೆಳೆಯುತ್ತ ಮೇಲ್ಗಡೆ ಉದುರುತ್ತಿರುವುದೆಂದು ತೋರಿಸಿದರು. ನಮ್ಮ ಉಗುರಿನಂತೆ ಅದು ಸದಾ ಬೆಳೆಯುತ್ತಿರುತ್ತದೆ. ಸುಮಾರು ಹತ್ತು ದಿನಗಳಲ್ಲಿ ತುದಿ ಇಡಿಯಾಗಿ ಹೊಸದಾಗುತ್ತದೆ. ಉದುರಿದ ಚೂರುಗಳನ್ನು ಹಿಂದಿನ ಸಾಲಿನ ವರ್ಣಕೋಶಗಳು ನುಂಗಿ ಅರಗಿಸಿಕೊಳ್ಳುತ್ತವೆ. ಎರಡನೆಯ ಕಾರಣ ಅಕ್ಷಿಪಟಲದ ನಡುವಣ ಪೀತಬಿಂದು. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು, ಎಲ್ಲ ಸೂಕ್ಷ್ಮ ನೋಟವೂ ಈ ಬಿಂದುವಿನದೇ. ಅದರ ಹಳದಿ ಬಣ್ಣ ಅಲಂಕಾರಕ್ಕಲ್ಲ. ಸಸ್ಯಗಳ ಹಳದಿ ವರ್ಣವಾದ ಜಾಂಥೊಫಿಲ್ಲಿನ ಜಾತಿಯದು ಈ ಬಣ್ಣವೆಂದು ೧೯೪೫ರಲ್ಲಿ ಜಾರ್ಜ್ ವಾಲ್ಡ್ ಕಂಡುಕೊಂಡರು. ಅಲ್ಲಿರುವವು ಲ್ಯೂಟೀನ್ ಮತ್ತು ಜಿಯಾಜಾಂಥಿನ್ ಎಂಬ ಎರಡು ವಸ್ತುಗಳೆಂದು ೧೯೮೫ರಲ್ಲಿ ಖಚಿತವಾಯಿತು. ಅವು ಹಾನಿಕರವಾದ ನೀಲಿ ಬೆಳಕನ್ನು ಹೀರಿಕೊಳ್ಳುತ್ತವೆ, ಮುಕ್ತ ರಾಡಿಕಲ್‌ಗಳನ್ನೂ ತಣಿಸುತ್ತವೆ. ನಮ್ಮ ದೇಹ ಅವನ್ನು ತಯಾರಿಸಲಾರದು, ಊಟದಿಂದಲೇ ಬರಬೇಕು.

ಆಮ್ಲಜನಕ ಕಣ್ಣನ್ನು ಕೆಡಿಸಬಲ್ಲುದೆಂಬ ಪಾಠವನ್ನು ವೈದ್ಯರು ಕಲಿತದ್ದು ಬಹಳ ಬೆಲೆ ತೆತ್ತು. ೧೯೪೨ರಲ್ಲಿ ಅಮೆರಿಕದ ಟೆರಿ ಎಂಬ ವೈದ್ಯರು, ದಿನ ತುಂಬದೆ ಹುಟ್ಟಿದ ಶಿಶುಗಳಲ್ಲಿ ಹೊಸದೊಂದು ಬಗೆಯ ಕುರುಡನ್ನು ವರ್ಣಿಸಿದರು. ಹತ್ತು ವರ್ಷಗಳಲ್ಲಿ ಸಾವಿರಾರು ಶಿಶುಗಳು ಕಣ್ಣು ಕಳೆದುಕೊಂಡವು. ಒಳ್ಳೆಯ ಉಪಕರಣಗಳಿದ್ದ ಆಸ್ಪತ್ರೆಗಳಲ್ಲಿಯೇ ಈ ರೋಗ ಹೆಚ್ಚಾಗಿದ್ದುದು ಒಗಟಾಗಿತ್ತು. ಎಳೆಯ ಶಿಶುವಿಗೆ ಉಸಿರಾಟ ಸುಲಭವಾಗಲೆಂದು ಪೆಟ್ಟಿಗೆಯೊಳಗೆ ಧಾರಾಳವಾಗಿ ಬಿಡುತ್ತಿದ್ದ ಆಮ್ಲಜನಕವೇ ಕಾರಣವಿರಬಹುದೆಂದು ೧೯೫೧ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಬೆಲ್ ಸೂಚಿಸಿದರು. ಅಮೆರಿಕದ ೧೮ ಆಸ್ಪತ್ರೆಗಳು ಕೂಡಿ ಪರೀಕ್ಷಿಸಿದುವು. ೧೯೫೪ರಲ್ಲಿ ಉತ್ತರ ದೊರೆಯಿತು. ಕ್ಯಾಂಬೆಲ್ ಹೇಳಿದುದು ನಿಜವಾಗಿತ್ತು. ಗೆರ್ಷ್‌ಮನ್ ಅವರ ಲೇಖನ ಹೊರಬಂದುದೂ ಅದೇ ವರ್ಷವೆಂಬುದನ್ನು ವಾಚಕರು ಗಮನಿಸಬೇಕು. ಹೆಚ್ಚಿನ ಆಮ್ಲಜನಕದಲ್ಲಿ ಅಕ್ಷಿಪಟಲದ ಎಳೆಯ ರಕ್ತನಾಳಗಳ ಬೆಳವಣಿಗೆ ನಿಂತುಹೋಗುತ್ತದೆ. ಆ ಮೇಲೆ ಅವು ಅಡ್ಡಾದಿಡ್ಡಿಯಾಗಿ ಬೆಳೆದು ಪಟಲವನ್ನೇ ಎಳೆದು ಕೀಳುತ್ತವೆ. ಉತ್ಕರ್ಷಣ ಇದರಲ್ಲಿ ಒಂದು ಪಾಲುದಾರ ಮಾತ್ರ. ಹೀಗಿರುವಾಗ ಉತ್ಕರ್ಷಣ ನಿರೋಧಕವಾದ ಇ ಜೀವಸತ್ವವನ್ನು ಶಿಶುಗಳಿಗೆ ಕೊಟ್ಟರೆ? ಕೊಟ್ಟು ನೋಡಿದರು. ಕಣ್ಣಿನ ರೋಗದ ಉಗ್ರತೆ ಸ್ವಲ್ಪ ತಗ್ಗಿತು. ಆದರೆ ರಕ್ತಕ್ಕೆ ಸೋಂಕು ತಗಲುವ ಅಪಾಯ ಏರಿತು. ದೇಹದ ಬಿಳಿಯ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದಕ್ಕೆ ಬಳಸುವ ಆಯುಧಗಳಲ್ಲಿ ಈ ಮುಕ್ತ ರಾಡಿಕಲ್‌ಗಳೂ ಸೇರಿವೆ! ಅವನ್ನು ಬರಿಯ ಶತ್ರುಗಳೆಂದು ಎಣಿಸುವುದು ಸರಿಯಲ್ಲ.

ಉತ್ಕರ್ಷಣ ನಿರೋಧಕಗಳು ನಿಜವಾಗಿ ಗೆದ್ದ ಕಣ್ಣಿನ ರೋಗ ಒಂದಿದೆ. ವಯಸ್ಸಾದವರಲ್ಲಿ ಪೀತಬಿಂದು ಮೆಲ್ಲಮೆಲ್ಲಗೆ ಸವೆಯುವುದುಂಟು. ನೋಟದ ನಡುವೆ ಮಸುಕು ಕವಿಯುತ್ತದೆ, ಸಾಲುಗಳು ಡೊಂಕಾಗಿ ಕಾಣುತ್ತವೆ, ಎದುರು ನಿಂತವರ ಮುಖ ಅಳಿಸಿದಂತಾಗುತ್ತದೆ. ೧೯೯೨ರಿಂದ ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದರಲ್ಲಿ ಇಂತಹ ೩,೬೪೦ ಮಂದಿಯನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ದಿನವೂ ೫೦೦ ಮಿಲಿಗ್ರಾಂ ಸಿ ಜೀವಸತ್ವ, ೪೦೦ ಅಂತರರಾಷ್ಟ್ರೀಯ ಮಾನದ ಇ ಜೀವಸತ್ವ, ೧೫ ಮಿಲಿಗ್ರಾಂ ಬೀಟಾ ಕ್ಯಾರೊಟೀನ್, ಎರಡನೆಯದಕ್ಕೆ ೮೦ ಮಿಲಿಗ್ರಾಂ ಸತು, ಜೊತೆಗೆ ಸ್ವಲ್ಪ ತಾಮ್ರ, ಮೂರನೆಯದಕ್ಕೆ ಇವೆಲ್ಲವೂ, ನಾಲ್ಕನೆಯದಕ್ಕೆ ಔಷಧವಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ೨೦೦೧ರಲ್ಲಿ ಫಲಿತಾಂಶ ಪ್ರಕಟವಾಯಿತು.

ಇಲ್ಲಿ ಅಂಕಿಗಳನ್ನು ನಿಧಾನವಾಗಿ ಓದಬೇಕು. ರೋಗ ನಡುವಣ ಹಂತಕ್ಕೆ ಬಂದಿದ್ದವರಲ್ಲಿ ಅಥವಾ ಒಂದು ಕಣ್ಣನ್ನು ಆಗಲೇ ಕೆಡಿಸಿದ್ದವರಲ್ಲಿ, ಹುಸಿಮಾತ್ರೆ ತೆಗೆದುಕೊಂಡ ನೂರು ಮಂದಿಗೆ ೨೮ ಮಂದಿ ಐದು ವರ್ಷಗಳಲ್ಲಿ ಉಗ್ರಹಂತವನ್ನು ಮುಟ್ಟಿದರು. ಎಲ್ಲ ಔಷಧಗಳನ್ನೂ ತೆಗೆದುಕೊಂಡ ನೂರಕ್ಕೆ ೨೦ ಮಂದಿ ಮುಟ್ಟಿದರು. ಎಂದರೆ ನೂರರಲ್ಲಿ ಎಂಟು ಮಂದಿಗೆ ಲಾಭ. ಉಳಿದ ೭೨ ಮಂದಿ ಮಾತ್ರೆ ಇಲ್ಲದೆಯೂ ಆ ಹಂತಕ್ಕೆ ಬರುತ್ತಿರಲಿಲ್ಲ. ೨೦ ಮಂದಿಗೆ ಮಾತ್ರೆಯಿಂದಲೂ ತಡೆಯಾಗಲಿಲ್ಲ. ಎಂಟು ಮಂದಿಯ ನೋಟ ಸಣ್ಣ ವಿಷಯವೇನೂ ಅಲ್ಲ. ಆದರೆ ಕಳೆದ ನೋಟ ಯಾರಿಗೂ ಹಿಂದಿರುಗಲಿಲ್ಲ. ರೋಗದ ಮೊದಲ ಹಂತದಲ್ಲಿದ್ದವರಿಗೆ ಪ್ರಯೋಜನ ಕಾಣಲಿಲ್ಲ. ಕಣ್ಣಿನ ಪೊರೆ ಬೆಳೆಯುವುದೂ ನಿಲ್ಲಲಿಲ್ಲ. ಡಬ್ಬಿಯ ಮೇಲಿನ ದಪ್ಪಕ್ಷರಗಳು ಇಷ್ಟನ್ನು ಹೇಳುವುದಿಲ್ಲ.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಕ್ಯಾರೆಟ್ ಗೆಡ್ಡೆಗೆ ಬಣ್ಣ ಕೊಡುವ ಬೀಟಾ ಕ್ಯಾರೊಟೀನ್ ಶ್ವಾಸಕೋಶದ ಕ್ಯಾನ್ಸರನ್ನು ತಡೆಯಬಹುದೆಂದು ನಂಬಿ ಫಿನ್‌ಲೆಂಡಿನಲ್ಲಿ ೨೯,೧೩೩ ಮಂದಿ ಧೂಮಪಾನಿಗಳ ಮೇಲೆ ಪರೀಕ್ಷೆ ನಡೆಸಿದ್ದರು. ೧೯೯೪ರಲ್ಲಿ ಪ್ರಕಟವಾದ ಫಲ ಎಲ್ಲರನ್ನೂ ಬೆಚ್ಚಿಬೀಳಿಸಿತು. ಮಾತ್ರೆ ತೆಗೆದುಕೊಂಡವರಲ್ಲಿ ಕ್ಯಾನ್ಸರ್ ಶೇಕಡಾ ೧೮ರಷ್ಟು ಹೆಚ್ಚಾಗಿತ್ತು! ಹೊಗೆಯಿಂದ ಬೆಂದ ಶ್ವಾಸಕೋಶದಲ್ಲಿ ಕಾವಲುಗಾರನೇ ಕಳ್ಳನ ಜೊತೆ ಸೇರಿದನೆನ್ನಬೇಕು. ಆದಕಾರಣ ಕಣ್ಣಿನ ಮಾತ್ರೆಯಿಂದ ಬೀಟಾ ಕ್ಯಾರೊಟೀನನ್ನು ತೆಗೆದು ಅದರ ಸ್ಥಾನದಲ್ಲಿ ೧೦ ಮಿಲಿಗ್ರಾಂ ಲ್ಯೂಟೀನ್ ಮತ್ತು ೨ ಮಿಲಿಗ್ರಾಂ ಜಿಯಾಜಾಂಥಿನ್ ಇಡಬಹುದೆ ಎಂದು ೨೦೦೬ರಲ್ಲಿ ಮತ್ತೊಂದು ಪರೀಕ್ಷೆ ತೊಡಗಿತು. ೪,೨೦೩ ಮಂದಿ ಭಾಗವಹಿಸಿದ ಆ ಪರೀಕ್ಷೆಯ ಫಲ ೨೦೧೩ರಲ್ಲಿ ಹೊರಬಂದಿತು. ಹಳೆಯ ಔಷಧದ ಮೇಲೆ ಲ್ಯೂಟೀನನ್ನು ಸೇರಿಸಿದುದರಿಂದ ಹೆಚ್ಚಿನ ಲಾಭವೇನೂ ಸ್ಪಷ್ಟವಾಗಿ ಕಾಣಲಿಲ್ಲ. ಆದರೆ ಬೀಟಾ ಕ್ಯಾರೊಟೀನಿಗೆ ಬದಲಾಗಿ ಅದನ್ನು ಬಳಸುವುದು ಕ್ಷೇಮವೆಂದು ತಿಳಿಯಿತು. ಈಗ ಬಳಕೆಯಲ್ಲಿರುವುದು ಆ ಬದಲಿಸಿದ ಮಿಶ್ರಣ.

ಒಂದು ರೋಗಕ್ಕೆ ಹಿಡಿಸಿದ್ದು ಮತ್ತೊಂದಕ್ಕೆ ಹಿಡಿಸಬೇಕೆಂಬ ನಿಯಮವಿಲ್ಲ. ವಂಶದಿಂದ ಬರುವ ರೆಟಿನೈಟಿಸ್ ಪಿಗ್ಮೆಂಟೋಸಾ ರೋಗದಲ್ಲಿ ಮೊದಲು ಇರುಳುಗುರುಡು ಬಂದು, ಆ ಮೇಲೆ ನೋಟ ಸುತ್ತಲಿಂದ ಕುಗ್ಗುತ್ತ ಹೋಗುತ್ತದೆ. ೧೯೯೩ರಲ್ಲಿ ಬಾಸ್ಟನ್ನಿನ ಬರ್ಸನ್ ಎಂಬ ವೈದ್ಯರು ೬೦೧ ರೋಗಿಗಳ ಪರೀಕ್ಷೆಯನ್ನು ಪ್ರಕಟಿಸಿದರು. ಪೀತಬಿಂದುವಿನ ರೋಗದಲ್ಲಿ ಮಿಶ್ರಣದ ಭಾಗವಾಗಿ ಪ್ರಯೋಜನಕ್ಕೆ ಬಂದ ಅದೇ ೪೦೦ ಮಾನದ ಇ ಜೀವಸತ್ವವು ಈ ರೋಗಿಗಳಲ್ಲಿ ಕಣ್ಣಿನ ಕ್ಷಯವನ್ನು ತ್ವರೆಗೊಳಿಸಿದಂತೆ ಕಂಡಿತು. ಈಗ ಇದೇ ರೋಗಕ್ಕೆ ಎನ್ ಅಸಿಟೈಲ್ ಸಿಸ್ಟೀನ್ ಎಂಬ ಬೇರೊಂದು ನಿರೋಧಕವನ್ನು ಪರೀಕ್ಷಿಸುತ್ತಿದ್ದಾರೆ. ದಂಡಕೋಶಗಳು ಸತ್ತ ಮೇಲೆ ಅವು ಬಳಸುತ್ತಿದ್ದ ಆಮ್ಲಜನಕ ಮಿಕ್ಕು ಶಂಕುಕೋಶಗಳನ್ನು ಸುಡುತ್ತದೆಂಬುದು ಇದರ ಹಿಂದಿನ ತರ್ಕ. ೩೦ ರೋಗಿಗಳ ಚಿಕ್ಕ ಪರೀಕ್ಷೆ ೨೦೨೦ರಲ್ಲಿ ಆಶೆ ಹುಟ್ಟಿಸಿತು. ದೊಡ್ಡ ಪರೀಕ್ಷೆ ೨೦೨೩ರಲ್ಲಿ ತೊಡಗಿತು.

ಇನ್ನು ನಮ್ಮ ಉಪಾಧ್ಯಾಯರ ರೋಗ. ಕಣ್ಣಿನ ಮುಂಭಾಗದಲ್ಲಿ ನೀರಿನಂತಹ ರಸವೊಂದು ಸದಾ ಒಸರುತ್ತ, ಜಾಲರಿಯಂತಹ ಅಂಗಾಂಶದ ಮೂಲಕ ಹೊರಗೆ ಹರಿಯುತ್ತಿರುತ್ತದೆ. ಜಾಲರಿ ಬಿಗಿದರೆ ರಸ ನಿಂತು ಒತ್ತಡ ಏರುತ್ತದೆ. ಸಾಮಾನ್ಯವಾಗಿ ಈ ಒತ್ತಡ ೧೦ರಿಂದ ೨೧ ಮಿಲಿಮೀಟರ್ ಪಾದರಸದಷ್ಟು. ಅಕ್ಷಿಪಟಲದಿಂದ ಮಿದುಳಿಗೆ ಹೋಗುವ ದೃಷ್ಟಿನರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ತಂತುಗಳಿವೆ. ಒತ್ತಡದಿಂದ ಅವು ಒಂದೊಂದಾಗಿ ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಒತ್ತಡ ಹೆಚ್ಚದೆಯೇ ತಂತುಗಳು ಸಾಯುವ ರೋಗಿಗಳೂ ಇದ್ದಾರೆ. ಇಲ್ಲಿ ನೋವಿಲ್ಲ. ನೋಟವು ಮೊದಲು ಕೆಡುವುದು ಅಂಚಿನಲ್ಲಿ. ಆದುದರಿಂದ ರೋಗಿಗೆ ಬಹುಕಾಲ ಸುಳಿವೇ ಸಿಗದು.

ಸುಳಿವು ಹೇಗೆ ಸಿಗದೆಂದು ಕೇಳುವ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿ ನೋಡಬಹುದು. ಬಿಳಿಯ ಕಾಗದದ ಮೇಲೆ ಎಡಗಡೆ ಒಂದು ಕತ್ತರಿ ಗುರುತನ್ನೂ ಅದರಿಂದ ೮ ಸೆಂಟಿಮೀಟರ್ ಬಲಕ್ಕೆ ಕಾಳುಮೆಣಸಿನಷ್ಟು ದೊಡ್ಡ ಚುಕ್ಕೆಯನ್ನೂ ಬರೆಯಿರಿ. ಎಡಗಣ್ಣನ್ನು ಮುಚ್ಚಿ, ಬಲಗಣ್ಣಿನಿಂದ ಕತ್ತರಿಯನ್ನೇ ದಿಟ್ಟಿಸುತ್ತ ಕಾಗದವನ್ನು ಮೆಲ್ಲಗೆ ಹತ್ತಿರ ತನ್ನಿರಿ. ಸುಮಾರು ೩೦ ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುವುದು. ದೃಷ್ಟಿನರ ಹೊರಡುವ ಸ್ಥಳದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿಲ್ಲ; ಚುಕ್ಕೆಯ ಬಿಂಬ ಅಲ್ಲಿ ಬಿದ್ದಿದೆ. ಆದರೆ ಅಲ್ಲಿ ಕರಿಯ ತೂತೊಂದು ಕಾಣುವುದೆ? ಇಲ್ಲ. ಮಿದುಳು ಸುತ್ತಲಿನ ಬಿಳುಪಿನಿಂದಲೇ ತೇಪೆ ಹಾಕಿಬಿಡುತ್ತದೆ. ಗ್ಲಾಕೋಮಾ ರೋಗಿಯ ನೋಟದಲ್ಲಿ ಬೀಳುವ ತೂತುಗಳಿಗೂ ಮಿದುಳು ಹೀಗೆಯೇ ತೇಪೆ ಹಾಕುತ್ತಿರುತ್ತದೆ.

ಗ್ಲಾಕೋಮಾದಲ್ಲಿ ಉತ್ಕರ್ಷಣದ ಪಾತ್ರವಿಲ್ಲವೆ? ಇದೆ. ರೋಗಿಗಳ ಆ ಜಾಲರಿಯ ಕೋಶಗಳಲ್ಲಿ ಉತ್ಕರ್ಷಣದ ಗಾಯಗಳು ಹೆಚ್ಚಾಗಿರುವುದನ್ನು ಕಂಡಿದ್ದಾರೆ. ಕಣ್ಣಿನ ರಸದಲ್ಲಿ ರಕ್ತದ್ರವಕ್ಕಿಂತ ಸುಮಾರು ೨೦ ಪಾಲು ಸಿ ಜೀವಸತ್ವವನ್ನು ನಿಸರ್ಗವೇ ತುಂಬಿಟ್ಟಿದೆ. ಆದರೆ ಪಾತ್ರವಿರುವುದು ಬೇರೆ, ಮಾತ್ರೆಯಿಂದ ಗುಣವಾಗುವುದು ಬೇರೆ. ಗಿಂಕ್ಗೊ ಮರದ ಎಲೆಯ ಸಾರದಿಂದ ನೋಟದ ವಿಸ್ತಾರ ಸುಧಾರಿಸಿತೆಂದು ೨೦೦೩ರಲ್ಲಿ ಇಟಲಿಯಿಂದ ವರದಿಯಾಯಿತು. ಪರೀಕ್ಷಿಸಿದವರು ೨೭ ಮಂದಿ. ೨೦೧೪ರಲ್ಲಿ ಚೀನಾ ದೇಶದಲ್ಲಿ ಅದನ್ನು ಮತ್ತೆ ಪರೀಕ್ಷಿಸಿದಾಗ ಅಂತಹ ಫಲ ದೊರೆಯಲಿಲ್ಲ.

ಈಗ ಹೆಚ್ಚು ಕುತೂಹಲ ಕೆರಳಿಸಿರುವುದು ನಿಕೊಟಿನಮೈಡ್, ಎಂದರೆ ಬಿ ೩ ಜೀವಸತ್ವದ ಒಂದು ರೂಪ. ಇದು ನೇರವಾಗಿ ಎಲೆಕ್ಟ್ರಾನ್ ದಾನ ಮಾಡುವ ನಿರೋಧಕವಲ್ಲ. ಮೈಟೋಕಾಂಡ್ರಿಯಾ ಸರಿಯಾಗಿ ಕೆಲಸ ಮಾಡಲು ಬೇಕಾದ ಎನ್.ಎ.ಡಿ. ಎಂಬ ವಸ್ತುವಿಗೆ ಇದು ಮೂಲಸಾಮಗ್ರಿ. ಒಲೆ ಸರಿಯಾಗಿ ಉರಿದರೆ ಹೊಗೆ ಕಡಿಮೆಯಲ್ಲವೆ? ವಯಸ್ಸಾದಂತೆ ಇಲಿಗಳ ಅಕ್ಷಿಪಟಲದಲ್ಲಿ ಈ ವಸ್ತು ಕುಗ್ಗುತ್ತದೆಂದೂ, ನಿಕೊಟಿನಮೈಡ್ ತಿನ್ನಿಸಿದರೆ ಗ್ಲಾಕೋಮಾ ಬರುವ ತಳಿಯ ಇಲಿಗಳ ದೃಷ್ಟಿನರ ಬಹುಮಟ್ಟಿಗೆ ಉಳಿಯುತ್ತದೆಂದೂ ಅಮೆರಿಕದ ಸೈಮನ್ ಜಾನ್ ಮತ್ತು ಸಂಗಡಿಗರು ೨೦೧೭ರಲ್ಲಿ ತೋರಿಸಿದರು. ೨೦೨೦ರಲ್ಲಿ ಮೆಲ್ಬರ್ನಿನಲ್ಲಿ ೫೭ ರೋಗಿಗಳಿಗೆ ಹನಿಯ ಜೊತೆಯಲ್ಲಿ ಇದನ್ನು ಕೊಟ್ಟಾಗ ಅಕ್ಷಿಪಟಲದ ಒಳಪದರಗಳ ವಿದ್ಯುತ್ ಸ್ಪಂದನ ಸ್ವಲ್ಪ ಸುಧಾರಿಸಿತು. ಅಲ್ಲಿ ಕೊಟ್ಟದ್ದು ದಿನಕ್ಕೆ ೩ ಗ್ರಾಂವರೆಗೆ. ದೇಹದ ನಿತ್ಯದ ಅಗತ್ಯ ೧೬ ಮಿಲಿಗ್ರಾಂ ಆಸುಪಾಸು. ಎಂದರೆ ಸುಮಾರು ೨೦೦ ಪಾಲು ಹೆಚ್ಚು. ಇಷ್ಟು ಪ್ರಮಾಣದಲ್ಲಿ ಅದು ಆಹಾರವಲ್ಲ, ಔಷಧ. ಯಕೃತ್ತಿಗೆ ಧಕ್ಕೆ ತಗಲಬಹುದು. ನೋಟ ದೀರ್ಘಕಾಲ ಉಳಿಯುವುದೇ ಎಂಬುದನ್ನು ಸ್ವೀಡನ್ ಮೊದಲಾದ ದೇಶಗಳ ದೊಡ್ಡ ಪರೀಕ್ಷೆಗಳು ಹೇಳಬೇಕಾಗಿದೆ.

ಒತ್ತಡವನ್ನು ತಗ್ಗಿಸುವುದರ ಲಾಭ ಮಾತ್ರ ಹೀಗೆ ಅನಿಶ್ಚಿತವಲ್ಲ. ೨೦೦೨ರಲ್ಲಿ ಪ್ರಕಟವಾದ ಸ್ವೀಡನ್ನಿನ ೨೫೫ ರೋಗಿಗಳ ಪರೀಕ್ಷೆಯಲ್ಲಿ, ಚಿಕಿತ್ಸೆಯಿಲ್ಲದವರಲ್ಲಿ ನೂರಕ್ಕೆ ೬೨ ಮಂದಿಯ ರೋಗ ಮುಂದುವರಿಯಿತು. ಚಿಕಿತ್ಸೆ ಪಡೆದವರಲ್ಲಿ ೪೫. ಒತ್ತಡದಲ್ಲಿ ತಗ್ಗಿದ ಒಂದೊಂದು ಮಿಲಿಮೀಟರಿಗೂ ಅಪಾಯ ಸುಮಾರು ಶೇಕಡಾ ೧೦ರಷ್ಟು ಕಡಿಮೆಯಾಗಿತ್ತು. ಈ ಒತ್ತಡವನ್ನು ಹನಿ ತಗ್ಗಿಸುತ್ತದೆ, ಲೇಸರ್ ಕಿರಣ ತಗ್ಗಿಸುತ್ತದೆ, ಶಸ್ತ್ರಚಿಕಿತ್ಸೆ ತಗ್ಗಿಸುತ್ತದೆ. ಉಪಾಧ್ಯಾಯರ ಡಬ್ಬಿಯಲ್ಲಿದ್ದ ಲ್ಯೂಟೀನ್ ತಗ್ಗಿಸುವುದಿಲ್ಲ.

ಲ್ಯೂಟೀನ್ ಬೇಡವೆಂದು ನಾವು ಹೇಳುತ್ತಿಲ್ಲ. ದಂಟು, ಪಾಲಕ್, ಮೆಂತ್ಯ, ನುಗ್ಗೆ ಸೊಪ್ಪುಗಳಲ್ಲಿ ಅದು ಧಾರಾಳವಾಗಿದೆ. ಹಳದಿ ಮುಸುಕಿನ ಜೋಳದಲ್ಲಿ ಜಿಯಾಜಾಂಥಿನ್ ಇದೆ. ಮೊಟ್ಟೆಯ ಅರಿಶಿನದಲ್ಲಿ ಎರಡೂ ಇವೆ. ಇವು ಕೊಬ್ಬಿನಲ್ಲಿ ಕರಗುವ ವಸ್ತುಗಳಾದುದರಿಂದ ಪಲ್ಯದ ಒಗ್ಗರಣೆಯ ಎಣ್ಣೆ ಅವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ. ಮಾತ್ರೆಗಳ ಲ್ಯೂಟೀನನ್ನು ತೆಗೆಯುವುದು ಚೆಂಡುಹೂವಿನಿಂದ. ಗುಂಡ್ಲುಪೇಟೆಯ ಸುತ್ತ ಮಳೆಗಾಲದಲ್ಲಿ ದಾರಿಹೋಕರು ನಿಂತು ನೋಡುವ ಹೂವಿನ ಹೊಲಗಳ ಬೆಳೆ ಹೋಗುವುದು ಬಹುಪಾಲು ಬಣ್ಣ ತೆಗೆಯುವ ಕಾರ್ಖಾನೆಗಳಿಗೇ.

ನಮ್ಮ ನೆರೆಯ ಉಪಾಧ್ಯಾಯರು ಹನಿಯನ್ನು ಎಂಟು ತಿಂಗಳು ಬಿಟ್ಟಿದ್ದರು. ಒಂದು ದಿನ ಮೆಟ್ಟಿಲಿಳಿಯುವಾಗ ಕೆಳಗಿನ ಮೆಟ್ಟಿಲು ಕಾಣದೆ ಮುಗ್ಗರಿಸಿದರು. ನೋಟದ ವಿಸ್ತಾರವನ್ನು ಅಳೆದಾಗ ಬಲಗಣ್ಣಿನ ಕೆಳಭಾಗ ಬಹಳಮಟ್ಟಿಗೆ ಹೋಗಿತ್ತು. ಕಣ್ಣು ಉರಿಯುತ್ತದೆಂಬ ಮಾತನ್ನು ಅವರು ಅದುವರೆಗೆ ವೈದ್ಯರಿಗೆ ತಿಳಿಸಿಯೇ ಇರಲಿಲ್ಲ. ಕೆಲವರಿಗೆ ಹನಿಯಲ್ಲಿ ಕೆಡದಂತೆ ಬೆರೆಸಿರುವ ಸಂರಕ್ಷಕದಿಂದಲೇ ಉರಿಯಾಗುವುದುಂಟು. ಸಂರಕ್ಷಕವಿಲ್ಲದ ಹನಿಗಳೂ ದೊರೆಯುತ್ತವೆ. ವೈದ್ಯರು ಹನಿಯನ್ನು ಬದಲಿಸಿದರು. ಹಾಕಿಕೊಂಡ ಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕೆಂದೂ, ಹಾಗೆ ಮಾಡಿದರೆ ಔಷಧ ಗಂಟಲಿಗೆ ಹರಿಯದೆ ಕಣ್ಣಿನಲ್ಲಿ ನಿಲ್ಲುವುದೆಂದೂ ಕಲಿಸಿಕೊಟ್ಟರು. ಈಗ ಉರಿಯಿಲ್ಲ. ರಾತ್ರಿ ಒಂಬತ್ತಕ್ಕೆ ಅವರ ಹನಿಯ ವೇಳೆ. ಆ ಹೊತ್ತಿಗೆ ಅವರ ಮನೆಯ ಮುಂದೆ ಹಾದುಹೋದರೆ ನಾವು ಕಿಟಕಿಯಿಂದಲೇ, "ಹನಿ ಆಯಿತೆ, ಮೇಷ್ಟ್ರೇ?" ಎಂದು ಕೂಗಿ ಕೇಳುವುದುಂಟು.